ತಡೀರಿ, ಕುಂಡ್ರತೇನಿ, ಆಮ್ಯಾಲ ಹೇಳ್ರಿ

ಬೆಟಗೇರಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಯಾರೂ ನಿಂತುಕೊಂಡು ನಗೆಮಾತು ಕೇಳುವುದಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ಯಾರಾದರೂ, "ನಿನ್ನೆ ಏನ್ ಮಜಾ ಆತಂದ್ರ..." ಎಂದು ಬಾಯಿ ತೆರೆದರೆ ಸಾಕು, ಅಲ್ಲಿದ್ದವರೆಲ್ಲ ಕಟ್ಟೆಗೋ, ಮೆಟ್ಟಿಲಿಗೋ, ಬೋರಲು ಹಾಕಿದ ಬಕೀಟಿಗೋ ಗಪ್ಪನೆ ಕುಳಿತುಬಿಡುತ್ತಾರೆ. ಹೇಳುವವರು ಕಕ್ಕಾಬಿಕ್ಕಿ. ತಾನು ಹೇಳಹೊರಟದ್ದು ಪುರಾಣವೋ ಹಾಸ್ಯವೋ ಎಂದು ಅವರಿಗೇ ಅನುಮಾನ ಬರುತ್ತದೆ.

ಈ ರಿವಾಜು ಹಾಕಿಕೊಟ್ಟವರು ನಮ್ಮ ಪಕ್ಕದ ಮನೆಯ ವೈನಿ. ಎದೆನೋವೆಂದು ಮಲಗಿದವರು ಮೂರೇ ದಿನಕ್ಕೆ ಹೊರಟುಹೋದರು, ಈಗ ತಿಂಗಳ ಮೇಲಾಯಿತು. ಅವರ ಗಂಡ ಕೈಮಗ್ಗದ ನೇಕಾರರು, ನಾನು ಅಣ್ಣಾರು ಎಂದು ಕರೆಯುವವರು. ಆ ರಿವಾಜಿನ ಹಿಂದಿನ ಕಾರಣ ಓಣಿಯಲ್ಲಿ ಗೊತ್ತಿದ್ದದ್ದು ಮೂರೇ ಜನಕ್ಕೆ: ವೈನಿಗೆ, ಅಣ್ಣಾರಿಗೆ, ನನಗೆ. "ನಾ ಇರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಕ್ಕೋರ. ಹೋದ ಮ್ಯಾಲ ಬೇಕಾದ್ರ ಪೇಪರಿಗೆ ಹಾಕ್ರಿ. ಹೆಸರೊಂದ ಹಾಕಬ್ಯಾಡ್ರಿ, ಬೀಗರ ಮಂದಿ ಓದತಾರ" ಎಂದು ಅವರೇ ಹೇಳಿದ್ದರು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಅದಕ್ಕೇ ಅಕ್ಕೋರ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದರು. ಹೆಸರು ಹಾಕುತ್ತಿಲ್ಲ ವೈನಿ, ನಿಶ್ಚಿಂತೆಯಿಂದಿರಿ.

ಯಾರಾದರೂ ನಗೆಮಾತು ಶುರು ಮಾಡಿದೊಡನೆ ವೈನಿ ಕೈ ಎತ್ತಿ ತಡೆಯುತ್ತಿದ್ದರು: "ತಡೀರಿ, ಕುಂಡ್ರತೇನಿ, ಆಮ್ಯಾಲ ಹೇಳ್ರಿ." ಕುಳಿತು, ಕಾಲ ಮೇಲೆ ಕಾಲು ಹಾಕಿ ಸೀರೆ ಬಿಗಿದುಕೊಂಡು, "ಹೂಂ, ಈಗ ಬರ್ಲಿ" ಎನ್ನುತ್ತಿದ್ದರು. ಓಣಿಯವರು ಅದನ್ನು ದೊಡ್ಡ ರಸಿಕತೆ ಎಂದುಕೊಂಡರು. ಕೂತು ಕೇಳಿದರೇ ಹಾಸ್ಯಕ್ಕೆ ಮರ್ಯಾದೆ ಎಂದು ಒಬ್ಬೊಬ್ಬರಾಗಿ ಕೂರತೊಡಗಿದರು, ಕೊನೆಗೆ ಅದೇ ರೂಢಿಯಾಯಿತು. ಕಾರಣ ಮಾತ್ರ ಇಷ್ಟೇ: ನಿಂತು ನಕ್ಕರೆ ವೈನಿಗೆ ಉಚ್ಚೆ ಹೋಗುತ್ತಿತ್ತು.

ಇದು ನನಗೆ ಗೊತ್ತಾದದ್ದು ನಳ ಬಂದ ದಿನ. ನಮ್ಮೂರಲ್ಲಿ ನಳ ಎಂಟು ದಿನಕ್ಕೊಮ್ಮೆ ಬಂದರೆ ಬಂತು, ಬಂದ ದಿನ ಊರಿಗೆ ಊರೇ ಕೊಡ ಹಿಡಿದು ಓಡುತ್ತದೆ. ತುಂಬಿದ ಕೊಡ ಎತ್ತುವಾಗ ನನಗೊಂದು ಸೀನು ಬಂತು. ಎರಡನೇ ಹೆರಿಗೆಯಾದಾಗಿನಿಂದ ಸೀನು ಬಂದರೆ ನಾನು ಎರಡೂ ಮೊಣಕಾಲು ಜೋಡಿಸಿ ಕಂಬದಂತೆ ನಿಂತುಬಿಡುತ್ತಿದ್ದೆ. ಯಾರೂ ನೋಡಿಲ್ಲವೆಂದು ನನ್ನ ನಂಬಿಕೆ. ವೈನಿ ನೋಡಿದರು. ಕೊಡ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದು, "ಅಕ್ಕೋರ, ನಿಮಗೂ ಐತೇನ್ರಿ?" ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಏನ್ರಿ ವೈನಿ?" ಎಂದೆ, ಏನೂ ಅರಿಯದವಳಂತೆ.

"ಸಾಕ ಮಾಡ್ರಿ ನಾಟಕ. ನಾ ಈ ಶಾಲ್ಯಾಗ ನಿಮಗಿಂತ ಎಷ್ಟೋ ಇಯತ್ತೆ ಮುಂದ ಅದೇನಿ" ಎಂದು ಅಲ್ಲೇ ಕಟ್ಟೆಗೆ ಕುಳಿತು ಎಲ್ಲ ಹೇಳಿದರು. ನಾಲ್ಕು ಹೆರಿಗೆ, ಮೇಲೆ ಜೀವಮಾನವಿಡೀ ಬಣ್ಣ ಹಾಕಿದ ಹಸಿ ನೂಲಿನ ಗಂಟು ಎತ್ತಿದ್ದು. ನಕ್ಕರೆ, ಕೆಮ್ಮಿದರೆ, ಭಾರ ಎತ್ತಿದರೆ ತಡೆಯುತ್ತಿರಲಿಲ್ಲ. ಐವತ್ತರ ಹತ್ತಿರ ಒಂದು ಆಪರೇಷನ್ ಆಗಿತ್ತು, ಬೇರೆ ಊರಿನಲ್ಲಿ. ಮೂತ್ರನಾಳದ ಕೆಳಗೆ ಸಣ್ಣ ಜಾಳಿಗೆಯ ಪಟ್ಟಿ ಆಸರೆಯಾಗಿ ಹಾಕಿದ್ದರು. ಒಂದಷ್ಟು ವರ್ಷ ರಾಣಿಯಂತಿದ್ದರಂತೆ. ಆಮೇಲೆ ಹನಿಯಾಗಿ ಶುರುವಾದದ್ದು ಮತ್ತೆ ಮೊದಲಿನಂತೆಯೇ ಆಯಿತು. "ನಮ್ಮೂರ ನಳದಾಗ ನೀರ ಬರಂಗಿಲ್ಲ, ನನಗ ನೋಡ್ರಿ, ಕೇಳದನ ಬರತೈತಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಾನೂ ಕುಳಿತುಬಿಟ್ಟೆ.

ವೈನಿ ಇಂಥದ್ದನ್ನೂ ನಗೆ ಮಾಡುತ್ತಿದ್ದರು, ನಗುವುದೇ ಕಷ್ಟವಾಗಿದ್ದವರು. ಮೊದಲು ಮದುವೆ, ಬಸುರಿಗೆ ಉಡಿ ತುಂಬುವ ಕುಬಸ, ತೊಟ್ಟಿಲು ಎಂದರೆ ವೈನಿ ಇರಲೇಬೇಕಿತ್ತು. ನಮ್ಮ ಕಡೆ ಶುಭಕಾರ್ಯದಲ್ಲಿ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಪ್ರಾಸ ಕಟ್ಟಿ, ಒಡಪು ಹಾಕಿ ಹೇಳಬೇಕು. ಎಲ್ಲರೂ ಬೆಳ್ಳಿ ಬಟ್ಟಲು, ಬಂಗಾರದ ತಟ್ಟೆ ಎಂದು ಹಳೆಯದನ್ನೇ ಒಪ್ಪಿಸಿದರೆ ವೈನಿ ನಿಂತ ನಿಲುವಿನಲ್ಲೇ ಹೊಸದು ಕಟ್ಟುತ್ತಿದ್ದರು:

"ಎಳಿ ಕಡದರ ಗಂಟ ಹಾಕತಾರ,
ಮಾತ ಕಡದರ ಮುಖ ಊದಸತಾರ,
ಕಂಡಕಂಡಾಗ ಚಾ ಕೇಳತಾರ..."

ಎಂದು ಕೊನೆಗೆ ಅಣ್ಣಾರ ಹೆಸರು. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ತೊಂದರೆ ಮರಳಿದ ಮೇಲೆ ಇದೆಲ್ಲ ನಿಂತುಹೋಯಿತು. ಮಂದಿ ನಕ್ಕರೆ ತಮಗೂ ನಗು ಬರುತ್ತದೆ, ನಗು ಬಂದರೆ ಗತಿ ಏನು? ಊರ ಕಾರ್ಯಗಳಿಗೆ ಹೋಗುವುದನ್ನೇ ಬಿಟ್ಟರು, ಹೋದರೂ ಅಡುಗೆಮನೆ ಸೇರಿಬಿಡುತ್ತಿದ್ದರು. ಓಣಿಯ ಕಟ್ಟೆಯೊಂದೇ ಉಳಿದದ್ದು, ಅದೂ ಕುಳಿತಲ್ಲೇ, ಒಂದೇ ಮಾತಿಗೆ. ಎರಡನೆಯದನ್ನು ಯಾರಾದರೂ ಶುರುಮಾಡಿದರೆ, "ಸಾಕ್ರಿ, ಸಾಕು" ಎಂದು ಎದ್ದು ಹೋಗುತ್ತಿದ್ದರು.

ಅಷ್ಟರಲ್ಲಿ ಲಕ್ಷ್ಮೇಶ್ವರಕ್ಕೆ ಕೊಟ್ಟ ಕೊನೆಯ ಮಗಳು ಬಸುರಿ ಎಂದು ಖಬರು ಬಂತು. ಮದುವೆಯಾಗಿ ಏಳು ವರ್ಷಕ್ಕೆ ನಿಂತ ಗರ್ಭ. ಕುಬಸ ತವರಲ್ಲೇ ಆಗಬೇಕು, ಅವ್ವ ಒಡಪು ಹೇಳಲೇಬೇಕು ಎಂದು ಮಗಳು ಫೋನಿನಲ್ಲೇ ಹಟ ಹಿಡಿದಳು. ವೈನಿ ಫೋನಿಟ್ಟು ನಮ್ಮ ಮನೆಗೆ ಬಂದರು. ಮೊದಲ ಸಲ ಅವರ ಕಣ್ಣಲ್ಲಿ ನೀರು ನೋಡಿದೆ.

"ಏಳು ವರ್ಷ ದೇವರಿಗೆ ಕೈ ಮುಗದೇನ್ರಿ ಅಕ್ಕೋರ. ಈಗ ಆಕಿ ಕುಬಸದಾಗ ಮಂದಿ ನಡುವ ನಿಂತಾಗ ಹಿಂಗಾದ್ರ? ಆಕಿ ಅತ್ತಿ ಮನಿ ಮಂದಿ ಮುಂದ?"

ಮರುದಿನವೇ ಇಬ್ಬರೂ ಗದಗಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಎಲ್ಲ ಕೇಳಿ, ಒಮ್ಮೆ ಆಪರೇಷನ್ ಆದ ಮೇಲೆ ಮರಳಿ ಬಂದದ್ದಕ್ಕೆ ಅವಸರ ಮಾಡಬಾರದು, ಯಾಕೆ ಬಂತೆಂದು ಮೊದಲು ಸರಿಯಾಗಿ ನೋಡಬೇಕು ಎಂದರು. ಮೂರು ದಿನ ಕುಡಿದದ್ದು, ಹೋದದ್ದು, ಸೋರಿದ್ದು ಎಲ್ಲ ಬರೆದು ತರಲು ಹೇಳಿದರು. ವೈನಿ ಹೇಳಿದರು, ನಾನು ಶಾಲೆಯ ಹಾಜರಿ ಬರೆದಷ್ಟೇ ಮುತುವರ್ಜಿಯಿಂದ ಬರೆದೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ:

"ಮುಂಜಾನೆ ಆರೂವರೆ: ಚಾ, ಒಂದು ಲೋಟ. ಏಳು: ಸೀನು, ಎರಡು ಹನಿ. ಎಂಟು: ಚಾ, ಅರ್ಧ ಲೋಟ (ಉಳಿದರ್ಧ ಅಕ್ಕೋರಿಗೆ). ಹತ್ತು: ಲಕ್ಷ್ಮೇಶ್ವರದ ಬೀಗತಿಯ ಫೋನು, ಬಹಳ. ಹತ್ತೂಕಾಲು: ಬೀಗತಿ ಮತ್ತೆ ಮಾಡಿದರು, ಎತ್ತಲಿಲ್ಲ. ಮಧ್ಯಾಹ್ನ: ಯಜಮಾನರು ಚಷ್ಮಾ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಚಷ್ಮಾ ಹುಡುಕಿದರು, ಸೀರೆ ಬದಲಿಸಬೇಕಾಯಿತು."

ಡಾಕ್ಟರು ಓದುತ್ತ ಓದುತ್ತ ಮೇಜಿಗೆ ಹಣೆ ಹಚ್ಚಿ ನಕ್ಕರು. "ಈ ಬೀಗತಿ ಯಾರ್ರಿ?" ಎಂದರು.

"ಅಕಿ ಅಗದೀ ಛಲೋ ಮನಸ್ಯಾಳ್ರಿ. ಬಾಯಿ ಮಾತ್ರ ನನಗ ಆಗಿ ಬರಂಗಿಲ್ಲ" ಎಂದರು ವೈನಿ.

ಆಮೇಲೆ ಕೆಮ್ಮಿನ ಪರೀಕ್ಷೆ. ನೀರು ಕುಡಿಸಿ, ಮೂತ್ರಚೀಲ ತುಂಬಿದ ಮೇಲೆ ನಿಲ್ಲಿಸಿ ಕೆಮ್ಮಿಸಿ ನೋಡುತ್ತಾರೆ. ಧೈರ್ಯಕ್ಕೆಂದು ವೈನಿ ನನ್ನನ್ನೂ ಒಳಗೆ ಕರೆದುಕೊಂಡಿದ್ದರು. ಈ ಸಲ ಜೊತೆಗೆ ಬಂದಿದ್ದ ಅಣ್ಣಾರು ಬಾಗಿಲ ಹೊರಗೆ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರು ತೂಕದ ಮನುಷ್ಯ. ನಲವತ್ತು ವರ್ಷದ ಸಂಸಾರದಲ್ಲಿ ಅವರು ನಗೆಮಾತು ಆಡಿದ್ದನ್ನು ಯಾರೂ ಕೇಳಿಲ್ಲ.

"ಕೆಮ್ರಿ" ಎಂದರು ಡಾಕ್ಟರು.

ವೈನಿಗೆ ಕೆಮ್ಮಲು ಬರಲೊಲ್ಲದು! ಅಷ್ಟು ವರ್ಷ ಕೆಮ್ಮು ನುಂಗಿ ನುಂಗಿ ರೂಢಿಯಾಗಿತ್ತಲ್ಲ. "ಉಹುಂ" ಎಂದು ಹೊಸ ಸೊಸೆ ಅತ್ತೆಯನ್ನು ಕರೆದಂತೆ ಸಣ್ಣ ಸದ್ದು ಮಾಡಿದರು.

"ಹಂಗಲ್ರಿ, ಜೋರ್ಲೆ!"

"ಉಹುಹುಂ."

"ಇನ್ನೂ ಜೋರ್ಲೆ! ಕೆಮ್ರಿ ಅಂದ್ರ ಕೆಮ್ರಿ!" ಡಾಕ್ಟರು ಈ ಸಲ ನಿಜಕ್ಕೂ ಗದರಿದರು.

ಬಾಗಿಲ ಹೊರಗಿನಿಂದ ಗಡಗಡನೆ ಕೆಮ್ಮು ಕೇಳಿಸಿತು. ಒಂದಲ್ಲ, ಮೂರು ಸಲ. ಆಮೇಲೆ ಅಣ್ಣಾರ ವಿನಯದ ದನಿ: "ಇಷ್ಟ ಸಾಕೇನ್ರಿ ಡಾಕ್ಟರ, ಇನ್ನೂ ಜೋರ್ಲೆ ಬೇಕ್ರಿ?"

ವೈನಿ ನಕ್ಕರು. ಕೂರಲು ಅಲ್ಲಿ ಕುರ್ಚಿ ಇರಲಿಲ್ಲ. ಡಾಕ್ಟರೂ ನಗುತ್ತ, "ಆತು ಆತು, ಸಾಕು. ಪರೀಕ್ಷೆ ಮುಗೀತು" ಎಂದರು. ನರ್ಸು ನೆಲ ಒರೆಸುವ ಬಟ್ಟೆ ತರಲು ಓಡಿದಳು. ಹೊರಗೆ ಬಂದಾಗ ಅಣ್ಣಾರು, "ನನ್ನ ಎದಿ ಹೆಂಗೈತಂತ್ರಿ?" ಎಂದು ನನ್ನನ್ನು ಕೇಳಿದರು.

ಮೂತ್ರಚೀಲದ ಒತ್ತಡ ಅಳೆಯುವ ಇನ್ನೊಂದು ಪರೀಕ್ಷೆಯೂ ಆಯಿತು. ಚೀಲದಲ್ಲಿ ದೋಷವಿಲ್ಲ, ಹಳೆಯ ಪಟ್ಟಿ ತನ್ನ ಕೆಲಸ ಮಾಡುತ್ತಿಲ್ಲ, ಹಿಂದೆ ವ್ಯಾಯಾಮ ಮಾಡಿ ನೋಡಿದ್ದೂ ಸಾಲಲಿಲ್ಲ, ಇನ್ನೊಂದು ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ಮುಚ್ಚುಮರೆ ಮಾಡಲಿಲ್ಲ. ಎರಡನೇ ಸಲದ್ದು ಮೊದಲಿನಷ್ಟು ಸಲೀಸಲ್ಲ, ಗುಣವಾಗುತ್ತದೆಂದು ಬರೆದುಕೊಡಲಾರೆ, ಆದ ಮೇಲೆ ಕೆಲವು ದಿನ ಉಚ್ಚೆ ಹೋಗುವುದೇ ಕಷ್ಟವಾಗಿ ನಳಿಕೆ ಇಡಬೇಕಾದೀತು ಎಂದು ಬಿಡಿಸಿ ಹೇಳಿದರು. ಈ ಸಲ ಹೊರಗಿನ ಪಟ್ಟಿಯಲ್ಲ. ವೈನಿಯದೇ ಕೆಳಹೊಟ್ಟೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯಿಂದ ಒಂದು ಪಟ್ಟಿ ಕತ್ತರಿಸಿ, ಮೂತ್ರನಾಳದ ಕೆಳಗೆ ಜೋಲಿ ಕಟ್ಟಿದಂತೆ ಕಟ್ಟುವುದು.

ಅಲ್ಲಿಯವರೆಗೆ ನೆಲ ನೋಡುತ್ತ ಕುಳಿತಿದ್ದ ಅಣ್ಣಾರು ಪಟ್ಟಿ ಎಂದೊಡನೆ ಮುಂದೆ ಸರಿದರು. "ಅಗಲ ಎಷ್ಟ್ರಿ?"

"ಒಂದ ಬೆರಳಗಲ ಅನ್ರಿ."

"ಅಂಚು ಬಿಚ್ಚಂಗಿಲ್ಲಲ್ರಿ?"

"ಇಲ್ರಿ. ಅಲ್ಲೇ ಮೈಗೆ ಹತ್ತಿಕೊಂಡ ಬಿಡತೈತಿ."

ಅಣ್ಣಾರು ಹೆಬ್ಬೆರಳು ತೋರುಬೆರಳು ಉಜ್ಜಿ, ಕಾಣದ ಬಟ್ಟೆಯ ಪೋತ, ಅದರ ನೇಯ್ಗೆಯ ಹದ, ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಗಂಭೀರವಾಗಿ ತೀರ್ಪು ಕೊಟ್ಟರು: "ಮಾಡಿಸ್ಕೊ. ಮೊದಲ ಹಾಕಿದ್ದು ಮಿಲ್ ಮಾಲು. ಇದು ಮನಿ ನೇಯ್ಗಿ."

ವೈನಿಗೆ ಮಾತ್ರ ಧೈರ್ಯ ಬರಲಿಲ್ಲ. ಎಂಟು ದಿನ ರಾಟೆಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತ ಒಂದೇ ಸಮ ಯೋಚನೆ. "ಇದೂ ಕೈ ಕೊಟ್ರ ಏನ್ ಮಾಡ್ಲಿ ಅಕ್ಕೋರ? ಮೊದಲನೇ ಸಲ ಆಸೆ ಪಟ್ಟು ಮೋಸ ಹೋದೆ. ಮತ್ತ ಆಸೆ ಪಡಾಕ ಅಂಜಿಕಿ ಬರತೈತಿ." ಕೊನೆಗೆ ಅವರೇ ನಿರ್ಧಾರ ಮಾಡಿದರು. ಕಾರಣ, ಮತ್ತದೇ ಬೀಗತಿ. ಕುಬಸಕ್ಕೆ ಒಂದು ಜೀಪು ತುಂಬ ಮಂದಿ ಬರುತ್ತೇವೆ, ನಿಮ್ಮ ಒಡಪಿಗೆ ಎದುರು ಒಡಪು ನಾನು ಹೇಳುತ್ತೇನೆ ಎಂದು ಫೋನಿನಲ್ಲೇ ಸವಾಲು ಹಾಕಿದರಂತೆ. "ಅಕಿ ಮುಂದ ಸೋಲಂಗಿಲ್ಲ ನಾ" ಎಂದು ಎದ್ದು ನಿಂತರು ವೈನಿ.

ಓಣಿಗೆ ಹೊಟ್ಟೆಯ ಆಪರೇಷನ್ ಎಂದು ಹೇಳಿದೆವು, ಅದು ಸುಳ್ಳೂ ಅಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ನಳಿಕೆ ತೆಗೆದ ದಿನ ಮಾತ್ರ ನಮ್ಮ ಜೀವ ನಮ್ಮ ಕೈಯಲ್ಲಿರಲಿಲ್ಲ. ಅಷ್ಟು ವರ್ಷ ಬೇಡವೆಂದರೂ ಬರುತ್ತಿದ್ದದ್ದು ಈಗ ಬೇಕೆಂದರೂ ಬರಲೊಲ್ಲದು. ಮಧ್ಯಾಹ್ನದ ಹೊತ್ತಿಗೆ ನರ್ಸು ಹೊರಗೆ ಬಂದು ತಲೆಯಾಡಿಸಿ ಸಂತೋಷದ ಸುದ್ದಿ ಹೇಳಿದಳು. ಅಣ್ಣಾರು ಎದ್ದವರೇ ಹೋಗಿ ಒಂದು ಪಾಕೀಟು ಫೇಡೆ ತಂದು ವಾರ್ಡಿನಲ್ಲಿ ಎಲ್ಲರಿಗೂ ಹಂಚತೊಡಗಿದರು. ಮೊಮ್ಮಗಳ ಹೆರಿಗೆಗೆಂದು ಬಂದಿದ್ದ ಮುಂಡರಗಿ ಕಡೆಯ ಮುಸ್ಲಿಂ ಅಜ್ಜಿಯೊಬ್ಬರು ಫೇಡೆ ಬಾಯಿಗಿಟ್ಟು, "ಮುಬಾರಕ್ ಆಗ್ಲಿ ಬಿಡಪಾ! ಗಂಡೋ, ಹೆಣ್ಣೋ?" ಎಂದರು.

ಅಣ್ಣಾರಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಉಚ್ಚಿ ಆತ್ರಿ" ಎಂದರು.

ಅಜ್ಜಿ ಒಂದು ಕ್ಷಣ ಅವರ ಮುಖ ನೋಡಿದರು. "ಅದೂ ಅಲ್ಲಾನ ಮೆಹರಬಾನಿನ" ಎಂದು ಇನ್ನೊಂದು ಫೇಡೆ ತೆಗೆದುಕೊಂಡರು.

ಮೂರು ತಿಂಗಳು ಭಾರ ಎತ್ತಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಅಣ್ಣಾರು ಆ ಮಾತನ್ನು ನೇಕಾರರ ಲೆಕ್ಕದಲ್ಲಿ, ಎಳೆ ತಪ್ಪದಂತೆ ಪಾಲಿಸಿದರು. ನೂಲು ಭಾರವೇ, ನೀರಿನ ತಂಬಿಗೆ ಭಾರವೇ, ರೊಟ್ಟಿಯ ಹಿಟ್ಟು ಭಾರವೇ. ವೈನಿ ಸೌಟು ಎತ್ತಿದರೂ "ಇಡು ಕೆಳಗ" ಎಂದು ಮಗ್ಗದ ಕುಣಿಯೊಳಗಿನಿಂದಲೇ ಕೂಗುತ್ತಿದ್ದರು. ಅಡುಗೆಯೂ ಅವರದೇ. ಅವರು ಬಡಿದ ಜೋಳದ ರೊಟ್ಟಿ ನಾನೂ ಒಮ್ಮೆ ತಿಂದಿದ್ದೇನೆ, ಹೆಚ್ಚು ಹೇಳುವುದಿಲ್ಲ. ಆ ದಿನಗಳಲ್ಲೇ ವೈನಿ ನನ್ನ ಬೆನ್ನು ಹತ್ತಿದರು: "ನಾ ಹದಿನೈದು ವರ್ಷ ನಾಚಿಕೊಂಡ ಕುಂತೆ. ನೀವು ಹಂಗ ಮಾಡಬ್ಯಾಡ್ರಿ. ಸಣ್ಣದಿದ್ದಾಗ ತೋರಸ್ರಿ." ನನ್ನದು ವ್ಯಾಯಾಮದಲ್ಲೇ ಮುಗಿಯಿತು. ಕೆಳಗಿನ ಸ್ನಾಯು ಬಿಗಿ ಹಿಡಿದು ಹತ್ತು ಎಣಿಸಿ ಬಿಡುವುದು, ಅಷ್ಟೇ. ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುತ್ತ ಮಾಡುತ್ತೇನೆ. ಮೀಟಿಂಗಿನಲ್ಲಿ ನನ್ನ ಮುಖ ನೋಡಿ ಹೆಡ್‌ಮಾಸ್ತರರು ನಾನು ಅವರ ಭಾಷಣ ಗಮನವಿಟ್ಟು ಕೇಳುತ್ತಿದ್ದೇನೆಂದು ತಿಳಿದಿದ್ದಾರೆ.

ಕುಬಸದ ದಿನ ಬಂತು. ಆಪರೇಷನ್ ಆಗಿ ಐದು ತಿಂಗಳು. ವೈನಿ ಒಣಗಿಯೇ ಇದ್ದರು, ಆದರೆ ನಂಬಿಕೆ ಮಾತ್ರ ಬಂದಿರಲಿಲ್ಲ. ಅಷ್ಟು ತಿಂಗಳೂ ಜೋರಾಗಿ ಒಮ್ಮೆಯೂ ನಕ್ಕಿರಲಿಲ್ಲ, ಹೊಲಿಗೆಗೆ ಅಂಜಿ. ನನ್ನ ಕೈಯಲ್ಲಿ ಒಂದು ಚೀಲ ಕೊಟ್ಟಿದ್ದರು, ಒಳಗೆ ಇನ್ನೊಂದು ಸೀರೆ. "ನನ್ನ ಬೆನ್ನ ಹಿಂದ ಇರ್ರಿ ಅಕ್ಕೋರ. ಏನರ ಆದ್ರ ಅಡ್ಡ ನಿಂದ್ರಬೇಕು ನೀವು."

ಮನೆಯ ತುಂಬ ಮಂದಿ. ಹಸಿರು ಸೀರೆಯುಟ್ಟು ಮಗಳು ನಡುವೆ ಕುಳಿತಿದ್ದಳು. ಉಡಿ ತುಂಬುವ ತಟ್ಟೆ ಹಿಡಿದು ವೈನಿ ನಿಂತಿದ್ದರು, ಅವರ ಹಿಂದೆ ಚೀಲ ಅವುಚಿಕೊಂಡು ನಾನು. ಬೀಗತಿ ತಮ್ಮ ಒಡಪು ಹೇಳಿದರು, ಚೆನ್ನಾಗಿಯೇ ಇತ್ತು. ವೈನಿ ಅವಸರದಲ್ಲಿ ಒಂದು ಸಾದಾ ಒಡಪು ಹೇಳಿ ಮುಗಿಸಿದರು. ಮಗಳ ಮುಖ ಬಾಡಿತು. ಬೀಗತಿ ಬಿಡಬೇಕಲ್ಲ, "ಇದೇನ್ರಿ ಬೀಗತ್ಯಾರ, ಉಪ್ಪಿಲ್ಲ ಖಾರಿಲ್ಲ! ಬೀಗರು ಹೇಳ್ಲಿ ನೋಡೂಣು" ಎಂದು ಅಣ್ಣಾರನ್ನು ಹಿಡಿದರು. ನಾವೆಲ್ಲ ಅಯ್ಯೋ ಎಂದುಕೊಂಡೆವು. ಅಣ್ಣಾರು ಇಷ್ಟು ವರ್ಷ ಕೇಳಿದಾಗೆಲ್ಲ ಹೆಂಡತಿಯ ಹೆಸರನ್ನು ಬರಿದೇ ಹೇಳಿ ಮುಖ ಒರೆಸಿಕೊಂಡು ಹೋದವರು.

ಅಣ್ಣಾರು ಎದ್ದು ನಿಂತರು. ಟೊಪ್ಪಿಗೆ ಸರಿ ಮಾಡಿಕೊಂಡರು. ಮಗಳ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು:

"ನಾ ಬಡದ ರೊಟ್ಟಿ ನಾಯಿ ಮೂಸಿ ಬಿಟ್ಟು ಹೋತು..."

ನಗೆಮಾತು! ಅಣ್ಣಾರ ಬಾಯಲ್ಲಿ! ಓಣಿಯವರು ಗಪ್ಪನೆ ಕುಳಿತರು. ನಿಂತಿದ್ದವರು, ಬಾಗಿಲಲ್ಲಿದ್ದವರು, ಬಡಿಸಲು ಹೋಳಿಗೆಯ ಬುಟ್ಟಿ ಹಿಡಿದಿದ್ದವರು, ಎಲ್ಲರೂ. ಲಕ್ಷ್ಮೇಶ್ವರದವರು ಇದೇನೋ ಇಲ್ಲಿಯ ಪದ್ಧತಿ ಎಂದು ತಾವೂ ಕುಳಿತರು. ನಾನೂ ರೂಢಿಯಿಂದ ಚೀಲದೊಂದಿಗೆ ಕುಳಿತೇಬಿಟ್ಟೆ, ಅಡ್ಡ ನಿಲ್ಲಬೇಕಾದವಳು.

"ಓಣ್ಯಾಗಿನ ಎಮ್ಮಿ ಅದನ್ನ ನೋಡಿ ಮುಖ ತಿರಿವಿ ನಿಂತು,
ಮೂರ ತಿಂಗಳು ಅದನ್ನ ತಿಂದು ಬದುಕಿ ಉಳದಾಕಿ..."

ಕೊನೆಯಲ್ಲಿ ಹೆಂಡತಿಯ ಹೆಸರು. ಹೇಳಿ ಮುಗಿಸಿದ ಅಣ್ಣಾರೂ ಧೊಪ್ಪನೆ ಕುಳಿತರು.

ಮನೆಯ ಹಂಚು ಹಾರಿಹೋಗುವಂತೆ ನಗು. ಅಷ್ಟು ಜನರ ನಡುವೆ ತಟ್ಟೆ ಹಿಡಿದು ನಿಂತವರು ವೈನಿ ಒಬ್ಬರೇ. ಒಂದು ಗಳಿಗೆ ಅವರ ಮೊಣಕಾಲು ಬಗ್ಗಿದ್ದನ್ನು ನಾನು ನೋಡಿದೆ, ಹಿಂದೆ ಕೂರಲು ಜಾಗ ಹುಡುಕಿದ ಕೈಯನ್ನೂ ನೋಡಿದೆ. ಆಮೇಲೆ ಕಾಲು ನೆಟ್ಟಗಾಯಿತು. ನಕ್ಕರು. ತಟ್ಟೆಯೊಳಗಿನ ಅಕ್ಕಿ ಉದುರುವಂತೆ, ಕಣ್ಣೀರು ಬರುವಂತೆ, ಕೆಮ್ಮು ಹತ್ತುವಂತೆ ನಕ್ಕರು. ಆ ಕೆಮ್ಮನ್ನೂ ನುಂಗದೆ ಕೆಮ್ಮಿದರು. ನಾನು ನೆಲದ ಮೇಲೆ ಕುಳಿತು ಅವರ ಸೀರೆಯ ನಿರಿಗೆಯನ್ನೇ ನೋಡುತ್ತಿದ್ದೆ. ಒಂದು ಹನಿ ಇಲ್ಲ.

ವೈನಿ ತಿರುಗಿ ನನ್ನನ್ನು ನೋಡಿದರು, ನನ್ನ ಕೈಯ ಚೀಲ ನೋಡಿದರು. ಆಮೇಲೆ ಇಡೀ ಮನೆ ಕುಳಿತಿರುವುದನ್ನು ಮೊದಲ ಸಲ ಮೇಲಿನಿಂದ ನೋಡಿ, ಕಣ್ಣು ಒರೆಸಿಕೊಂಡು ಗಂಡನಿಗೆ ಹೇಳಿದರು:

"ಯಾಕ ಕುಂತ್ರಿ? ಏಳ್ರಿ, ಇನ್ನೊಂದ ಹೇಳ್ರಿ."